ಮೂರನೇ ಚೇಂಬರಿನ ಮೂರು ಪಾಯಿಂಟ್ ಎರಡು

ಹಾಸನ
೧೪ ಮೇ ೨೦೨೫, ಬುಧವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದರಂತೆ. ಗೋಡೆ ಹಿಡಿದುಕೊಂಡು ಬಚ್ಚಲವರೆಗೆ ನಡೆಯುತ್ತೀಯಂತೆ, ಆದರೆ ಡಾಕ್ಟರು ಹೇಳಿದ ವ್ಯಾಯಾಮ ಮಾಡು ಎಂದರೆ ಸಿಡುಕುತ್ತೀಯಂತೆ. ಇಪ್ಪತ್ತಾರು ವರ್ಷ ಕೋಲ್ಡ್ ಸ್ಟೋರೇಜಿನ ಮೆಟ್ಟಿಲು ಹತ್ತಿಳಿದು ಸವೆಸಿದ ಮಂಡಿ ಅದು, ಹದಿನೈದು ದಿನದಲ್ಲಿ ಸರಿಹೋಗು ಎಂದರೆ ಹೋಗುತ್ತದೆಯೇ? ಚನ್ನರಾಯಪಟ್ಟಣದ ನೀರು ಒಗ್ಗುವುದಿಲ್ಲ ಎಂದು ನೆಪ ತೆಗೆಯದೆ ಸ್ವರ್ಣಕ್ಕ ಬಡಿಸಿದ್ದನ್ನು ಉಣ್ಣು. ಅವಳ ಸಾರಿಗೆ ಉಪ್ಪು ಕಮ್ಮಿ ಎನ್ನುವುದು ನನಗೂ ಗೊತ್ತು. ಅವಳೆದುರು ಮಾತ್ರ ಹೇಳಬೇಡ.

ಫೋನಿರುವ ಕಾಲದಲ್ಲಿ ಕಾಗದ ಏಕೆ ಎನ್ನುತ್ತೀಯ. ಕಂಪ್ರೆಸರ್ ಸದ್ದು ನಿನ್ನ ಕಿವಿ ತಿಂದುಹಾಕಿದೆ, ಫೋನಿನಲ್ಲಿ ನಿನಗೆ ಕೇಳಿಸಬೇಕಾದರೆ ಬೀದಿಗೆಲ್ಲ ಕೇಳಿಸಬೇಕು. ಅಕ್ಕನ ಬಾಯಲ್ಲಿ ಹೇಳಿಸಿದರೆ ಡಂಗುರ ಹೊಡೆಸಿದ ಹಾಗೆ. ಅದಕ್ಕೇ ಕಂಡಕ್ಟರ್ ನಾಗೇಶನ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಒಬ್ಬನೇ ಕೂತು ಓದು.

ಸಂಕ್ರಾಂತಿ ಹೊತ್ತಿಗೆ ಹಳೇ ಕಂಪ್ಯೂಟರ್ ಕೆಟ್ಟು ಹೊಸದು ಬಂದಾಗ ನೀನು ಕೇಳಿದ್ದೆ, "ಎಲ್ಲಾ ಒಂದೇ ಡಬ್ಬ ಅಲ್ವೇನವ್ವಾ, ಅದ್ರಲ್ಲಿ ಓಡಿದ್ದು ಇದ್ರಲ್ಲಿ ಯಾಕ್ ಓಡಾಕಿಲ್ಲ?" ಅಂದು ನನಗೆ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಗೊತ್ತಾಗದೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ. ಡಬ್ಬ ಬರೀ ಕಟ್ಟಡ ಅಪ್ಪಾ. ಯಾವ ಚೀಲ ಯಾವ ಚೇಂಬರಿಗೆ, ಯಾರ ಕೈಗೆ ಬೀಗದ ಕೈ, ಯಾರು ಮೊದಲು ಯಾರು ಆಮೇಲೆ ಎಂದು ಇಲ್ಲಿ ನೀನು ಹೇಳುತ್ತಿದ್ದೆಯಲ್ಲ, ಡಬ್ಬದೊಳಗೆ ಆ ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಎನ್ನುವುದು ಅಂಥದ್ದೊಂದು, ಲಿನಕ್ಸ್ ಎನ್ನುವುದು ಇನ್ನೊಂದು. ನಮ್ಮ ತಂಪು ನೋಡಿಕೊಳ್ಳುವ ಪ್ರೋಗ್ರಾಂ ಅದರ ಕೈಕೆಳಗಿನ ಆಳು. ಹಳೇ ವಿಂಡೋಸಿನ ಕೈಕೆಳಗೆ ಪಳಗಿದ ಆಳು ಹೊಸ ವಿಂಡೋಸಿನ ಮಾತು ಕೇಳಲಿಲ್ಲ, ತೆರೆದುಕೊಳ್ಳಲೇ ಇಲ್ಲ. ಲಿನಕ್ಸ್ ಪುಕ್ಕಟೆ ಸಿಗುತ್ತದಂತೆ ಎಂದು ಮ್ಯಾನೇಜರ್ ದೇವರಾಜ್ ಅದನ್ನೂ ವಿಚಾರಿಸಿದರು. ನಮ್ಮ ಪ್ರೋಗ್ರಾಂ ಅದಕ್ಕೆಂದು ಬರೆದದ್ದೇ ಅಲ್ಲವಂತೆ. ಹೊಸ ಪ್ರೋಗ್ರಾಂ ಬರೆಸಿ ಎಂದ ರಿಪೇರಿಯ ಸುನೀಲ್‌ಕುಮಾರ್. ದೇವರಾಜ್ ಒಪ್ಪಲಿಲ್ಲ. ಕೊನೆಗೆ ಅವನು ಹೊಸ ವಿಂಡೋಸಿನ ಹೊಟ್ಟೆಯೊಳಗೇ ಹಳೇ ವಿಂಡೋಸನ್ನು ಕೂರಿಸಿ, ಅದರೊಳಗೆ ನಮ್ಮ ಪ್ರೋಗ್ರಾಂ ಓಡಿಸಿಕೊಟ್ಟ. ಪರದೆಯೊಳಗೊಂದು ಪರದೆ. ನೀನು ನೋಡಿ ನಕ್ಕಿದ್ದೆ.

ಈಗ ನಗು ಬರುವುದಿಲ್ಲ. ನೀನು ಆಸ್ಪತ್ರೆಗೆ ಹೋದ ಮೇಲೆ ಪರದೆಯ ಮೇಲೆ ಮೂರನೇ ಚೇಂಬರಿನ ತಂಪಿನ ಅಂಕಿ ಮೂರು ಪಾಯಿಂಟ್ ಎರಡು ಡಿಗ್ರಿಯಲ್ಲೇ ನಿಂತಿತ್ತು. ಬೆಳಿಗ್ಗೆ ಅಷ್ಟೇ, ಬಿಸಿಲೇರಿದಾಗ ಅಷ್ಟೇ, ಮರುದಿನವೂ ಅಷ್ಟೇ. ಮಿಕ್ಕ ಚೇಂಬರುಗಳ ಅಂಕಿ ಮೂರೂವರೆಗೆ ಏರುತ್ತಿತ್ತು, ಇಳಿಯುತ್ತಿತ್ತು. ಇದೊಂದು ಮಾತ್ರ ಅಲ್ಲಾಡಲಿಲ್ಲ. ನಾನೂ ರುದ್ರಯ್ಯಣ್ಣನೂ ಪಾಳಿಯ ಮೇಲೆ ಅದನ್ನೇ ಪುಸ್ತಕಕ್ಕೆ ಬರೆದೆವು. ಎಷ್ಟು ಚೆನ್ನಾಗಿ ತಂಪು ಹಿಡಿದಿದೆ ಎಂದು ಮೆಚ್ಚಿಕೊಂಡವಳೂ ನಾನೇ. "ಅಂಕಿ ನೋಡ್ಬ್ಯಾಡ ಕಣವ್ವಾ, ಒಳಗೋಗಿ ಚೀಲ ಮುಟ್ಟಿ ನೋಡು" ಎಂದು ನೀನು ಸಾವಿರ ಸಲ ಹೇಳಿದ್ದೆ. ಆದರೆ ಬಾಗಿಲು ತೆಗೆದರೆ ತಂಪು ಸೋರುತ್ತದೆ, ಕಂಪ್ಯೂಟರ್ ಇರುವಾಗ ತೆಗೆಯುವುದೇಕೆ ಎಂದು ದೇವರಾಜ್ ಬೀಗದ ಕೈ ಇಸಿದುಕೊಂಡಿದ್ದರು. ಒಂಬತ್ತನೇ ದಿನ ಬಾಗಿಲ ಸಂದಿಯಿಂದ ಸಿಹಿ ಬೆರೆತ ಒಂದು ಕಮಟು ವಾಸನೆ ಬಂತು. ಜಗಳ ಮಾಡಿ ಬೀಗ ತೆಗೆಸಿದೆ. ಮುಖಕ್ಕೆ ಬಿಸಿಗಾಳಿ ಹೊಡೆಯಿತು. ಕೈ ಥರ್ಮಾಮೀಟರಿನಲ್ಲಿ ಇಪ್ಪತ್ತೊಂದು ಡಿಗ್ರಿ. ಹೊರಗೆ ಪರದೆಯ ಮೇಲೆ ಆಗಲೂ ಮೂರು ಪಾಯಿಂಟ್ ಎರಡು.

ಬಿತ್ತನೆ ಆಲೂಗೆಡ್ಡೆಗಳು ನೋಡಲು ಲಕ್ಷಣವಾಗಿವೆ. ಸಿಪ್ಪೆ ಸುಕ್ಕಿಲ್ಲ, ಬಣ್ಣ ಮಾಸಿಲ್ಲ. ಹತ್ತು ಕೊಯ್ದೆ, ಆರರ ನಡುವೆ ಇದ್ದಿಲಿನಷ್ಟು ಕಪ್ಪು. ಮೇಲೆಲ್ಲ ಥಳಕು ಒಳಗೆಲ್ಲ ಹುಳುಕು ಎನ್ನುತ್ತಾರಲ್ಲ, ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ.

ಸುನೀಲ್‌ಕುಮಾರ್ ಬಂದು ನೋಡಿದ. ಹೊರಗಿನ ವಿಂಡೋಸ್ ತನ್ನಷ್ಟಕ್ಕೆ ತಾನು ಅಪ್‌ಡೇಟ್ ಮಾಡಿಕೊಂಡಿತ್ತಂತೆ. ಆಗ ಮೂರನೇ ಚೇಂಬರಿನ ವೈರಿನ ಮಾತು ಒಳಕ್ಕೆ ದಾಟುವುದು ನಿಂತಿದೆ. ಒಳಗಿನ ಪ್ರೋಗ್ರಾಂ ಕೊನೆಗೆ ಕೇಳಿಸಿಕೊಂಡ ಅಂಕಿಯನ್ನೇ ಹಿಡಿದುಕೊಂಡು, ತಂಪು ಸಾಕಷ್ಟಿದೆ ಎಂದು ಕಂಪ್ರೆಸರಿಗೆ ಹೇಳುತ್ತಾ ಕೂತಿದೆ. "ಒಳಗಿನ್ ವಿಂಡೋಸ್‌ಗೆ ಹೊರಗೊಂದು ಐತೆ ಅನ್ನೋದೇ ಗೊತ್ತಿರಾಕಿಲ್ಲ ಕಣಕ್ಕಾ, ತಾನೇ ಇಡೀ ಕಂಪ್ಯೂಟರ್ ಅನ್ಕಂಡಿರ್ತದೆ" ಎಂದ. ಅಪ್ಪಾ, ಹೊರಗಿನದಾಗಲಿ ಒಳಗಿನದಾಗಲಿ, ಯಾವುದೂ ಸುಳ್ಳು ಹೇಳಿಲ್ಲ. ಎಲ್ಲವೂ ತಮ್ಮ ತಮ್ಮ ಕೆಲಸ ಸರಿಯಾಗಿ ಮಾಡುತ್ತಲೇ ಇದ್ದವು.

ಇನ್ನೊಂದು ಮಾತು ಹೇಳಿದ. ವೈರಿನ ಮಾತು ನಿಂತಾಗ ಪ್ರೋಗ್ರಾಂ ಸುಮ್ಮನಿರಲಿಲ್ಲವಂತೆ. ಮೂರನೇ ಚೇಂಬರಿನ ಸಂಪರ್ಕ ತಪ್ಪಿದೆ ಎಂದು ಇಂಗ್ಲಿಷಿನಲ್ಲಿ ಒಂದು ಚೌಕ ಎದ್ದು ಬಂದು ಕೂಗಿದೆ. ಯಾರೋ ಓಕೆ ಒತ್ತಿ ಅದರ ಬಾಯಿ ಮುಚ್ಚಿಸಿದ್ದಾರೆ. ಏಪ್ರಿಲ್ ಇಪ್ಪತ್ತೊಂಬತ್ತು, ಸಂಜೆ ನಾಲ್ಕು ಹದಿನೆಂಟು. ಒತ್ತಿದವರ ಹೆಸರು ಚೆಲುವಯ್ಯ ಎಂದಿದೆ.

ನೀನಲ್ಲ ಎಂದು ನನಗೆ ಗೊತ್ತು, ಅಂದು ನಿನ್ನ ಮಂಡಿಯ ಆಪರೇಷನ್, ನೀನು ಆಸ್ಪತ್ರೆಯಲ್ಲಿದ್ದೆ. ಹೊಸ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿದ ದಿನ, ಚೆಲುವಯ್ಯನ ಕೈಗುಣ ಚೆನ್ನಾಗಿದೆ, ಅವನ ಹೆಸರಲ್ಲೇ ಶುರುವಾಗಲಿ ಎಂದು ಎಲ್ಲರೂ ಹೇಳಿ ನಿನ್ನ ಹೆಸರಲ್ಲಿ ಲಾಗಿನ್ ಮಾಡಿಸಿದೆವು. ನಿಮ್ಮ ನಿಮ್ಮ ಹೆಸರಲ್ಲಿ ಬೇರೆ ಬೇರೆ ಮಾಡಿಕೊಳ್ಳಿ ಎಂದು ಸುನೀಲ್‌ಕುಮಾರ್ ಅಂದರೆ, ಅಪಶಕುನ ಎನ್ನುವ ಹಾಗೆ ನೋಡಿದೆವು. ಅಂದಿನಿಂದ ಯಾರು ಪಾಳಿಗೆ ಕೂತರೂ ಚೆಲುವಯ್ಯ. ಆಪರೇಟಿಂಗ್ ಸಿಸ್ಟಮ್ ಬಾಗಿಲಲ್ಲಿ ಹೆಸರು ಕೇಳುತ್ತದೆ, ಮುಖ ನೋಡುವುದಿಲ್ಲ.

ದೇವರಾಜ್ ಇದನ್ನು ಕೋಲ್ಡ್ ಸ್ಟೋರೇಜಿನ ಸಾವ್ಕಾರರಿಗೂ ತಿಳಿಸಿಲ್ಲ. ಚೇಂಬರನ್ನು ಮತ್ತೆ ತಂಪು ಮಾಡಿಸಿ, ಶುಕ್ರವಾರ ಬಿತ್ತನೆ ಗೆಡ್ಡೆ ಬಿಡುಗಡೆ ಎಂದು ಬೋರ್ಡು ಹಾಕಿಸಿದ್ದಾರೆ. ಕೊಯ್ದ ಗೆಡ್ಡೆ ತೋರಿಸಿದೆ. "ನಾಕ್ ಗೆಡ್ಡೆ ಕಪ್ಪಾದ್ರೆ ಚೇಂಬರೆಲ್ಲಾ ಹಾಳಾಗೋಯ್ತೇನಮ್ಮಾ? ಪುಸ್ತಕದಲ್ಲಿ ಮೂರು ಪಾಯಿಂಟ್ ಎರಡು ಅಂತೈತೆ. ಬಾಯಿ ಬಿಟ್ರೆ ಕಂಪ್ಯೂಟರಲ್ಲಿರೋದು ನಿಮ್ಮಪ್ಪನ ಹೆಸ್ರು, ಗ್ಯಾಪ್ಕ ಇಟ್ಕೋ" ಎಂದರು. ದನಿ ಏರಿಸಲಿಲ್ಲ. ನಗುತ್ತಲೇ ಹೇಳಿದರು, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ನಿನ್ನೆ ಹಳೇಕೋಟೆಯ ಮಾದಮ್ಮ ಬಂದಿದ್ದಳು. ಹೊಲ ಹಸನು ಮಾಡಿ ಕಾಯುತ್ತಿದ್ದಾಳೆ. "ಚೆಲುವಯ್ಯಣ್ಣ ಮುಟ್ಟಿದ್ ಚೀಲನೇ ನಂಗೆ ಎತ್ತಿಕ್ಕವ್ವಾ" ಎಂದು ನನ್ನ ಕೈ ಹಿಡಿದು ಹೇಳಿಹೋದಳು. ಪ್ರತಿ ವರ್ಷ ಮೊದಲ ಚೀಲಕ್ಕೆ ನಿನ್ನ ಕೈ ತಾಗದೆ ಅರಕಲಗೂಡಿನ ರೈತರಾಗಲಿ ಹೊಳೆನರಸೀಪುರದವರಾಗಲಿ ಗೆಡ್ಡೆ ಎತ್ತಿದ್ದುಂಟೇ? ಈ ಗೆಡ್ಡೆ ಮಣ್ಣಿಗೆ ಬಿದ್ದರೆ ಮೊಳಕೆ ಬರುವುದಿಲ್ಲ, ಅಲ್ಲೇ ಕೊಳೆಯುತ್ತದೆ. ಆಗ ಅವರು ನೆನೆಯುವುದು ವಿಂಡೋಸನ್ನಲ್ಲ.

ಬಂದು ನಿನ್ನ ಪಕ್ಕ ಕೂತು ಹೇಳಬೇಕೆಂದಿದ್ದೆ. ಆದರೆ ನಾನಿಲ್ಲಿಂದ ಕದಲಿದರೆ ಇವತ್ತೇ ಚೀಲಗಳನ್ನು ಲಾರಿಗೆ ಹಾಕಿಸುತ್ತಾರೇನೋ ಎಂದು ಭಯ. ರುದ್ರಯ್ಯಣ್ಣ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಾನೆ.

ಮಾತ್ರೆ ತಪ್ಪಿಸಬೇಡ. ಅಕ್ಕನಿಗೂ ಭಾವನಿಗೂ ಕೇಳಿದೆನೆಂದು ಹೇಳು. ನಿನ್ನ ಕಾಲಿಗೆ ಬಿದ್ದು ಕೇಳುತ್ತೇನೆ, ಈ ಕಾಗದ ಓದಿ ಎದೆ ಒಡೆದುಕೊಳ್ಳಬೇಡ.

ನಿನ್ನ ಚಿಕ್ಕಮಗಳು,
ಸ್ಮಿತಾ

ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಾಗೇಶನ ಬಸ್ಸು ಗೇಟಿನಲ್ಲಿ ಹಾರನ್ ಹೊಡೆಯುತ್ತಿದೆ. ನಾಳೆ ಬೆಳಿಗ್ಗೆ ಎಂಟಕ್ಕೆ ದೇವರಾಜ್ ಹಣ್ಣು, ಎಳನೀರು ಹಿಡಿದುಕೊಂಡು ಕಾರಿನಲ್ಲಿ ಅಲ್ಲಿಗೆ ಬರುತ್ತಾರೆ. ಶುಕ್ರವಾರ ಮೊದಲ ಚೀಲ ಮುಟ್ಟಲು ನಿನ್ನನ್ನು ಎತ್ತಿಕೊಂಡಾದರೂ ಕರೆತರುತ್ತಾರಂತೆ. ಏಪ್ರಿಲ್ ಇಪ್ಪತ್ತೊಂಬತ್ತರ ಸಂಜೆ ಪಾಳಿ ನನ್ನದು ಅಪ್ಪಾ. ನಿನ್ನನ್ನು ಥಿಯೇಟರಿನಿಂದ ಹೊರಗೆ ತಂದರು ಎಂದು ಹೇಳಲು ಅಕ್ಕ ಫೋನು ಮಾಡಿದ್ದಳು. ಆ ಚೌಕದ ಕೂಗಿನಲ್ಲಿ ಅವಳ ಮಾತು ಕೇಳಿಸಲಿಲ್ಲ, ಓದದೆ ಓಕೆ ಒತ್ತಿದೆ. ಒತ್ತಿದವಳು ನಾನೇ ಎಂದು ನನ್ನ ಹೆಸರಲ್ಲಿ ಬರೆದು ಸಹಿ ಹಾಕಿದ ಕಾಗದ ಇದರ ಜೊತೆಗಿದೆ. ದೇವರಾಜ್ ಬಂದರೆ ಚೀಲ ಮುಟ್ಟಲು ನಿನ್ನ ಕೈ ಕೊಡಬೇಡ, ನಾನು ಸಹಿ ಹಾಕಿದ ಆ ಕಾಗದ ಕೊಡು.