ಬಯಲಿಗೆ ಬಾರದ ದುಂಬಿ

ಅಕ್ಟೋಬರ್ 9, ಸೋಮವಾರ

ಐದಕ್ಕೆ ಹಾಲು ಕರೆದೆ. ಹಾಲು ಕಡಿಮೆ. ಹಳ್ಳಕ್ಕೆ ಹೋದರೆ ಬಕೆಟ್ಟಿಗೆ ನೀರಿಗಿಂತ ಕೆಸರೇ ಹೆಚ್ಚು ಬಂತು. ಸೆಪ್ಟೆಂಬರ್‌ನಲ್ಲೇ ಹಿಡಿಯುತ್ತಿದ್ದ ಮಳೆ ಇನ್ನೂ ಪತ್ತೆಯಿಲ್ಲ. ಹೊಗೆ ಮಾತ್ರ ದಿನಾ ತಪ್ಪದೆ ಬರುತ್ತದೆ. ಯಾರೋ ಎಲ್ಲೋ ಕಾಡು ಸುಡುತ್ತಿದ್ದಾರೆ... ಯಾರೋ ಏನು, ನಮ್ಮಂಥವರೇ.

ಊಟದ ಹೊತ್ತಿಗೆ ಅಳಿಯ ವಂಡೆರ್ಲೆ ಮಾತು ತೆಗೆದ.

"ಅತ್ತೆ, ತಗ್ಗಿನ ಹುಲ್ಲೆಲ್ಲ ಬೇರು ಕೊಳೆತು ಹೋಯ್ತು. ಹಸುಗಳು ಬೇಲಿ ಕಂಬ ನೆಕ್ತಾ ನಿಂತಿವೆ. ಹಳ್ಳದಾಚೆ ನಿಮ್ಮ ಆರು ಹೆಕ್ಟೇರ್ ಕಾಡು ಬಿಟ್ರೆ ಬೇರೆ ಜಾಗ ಎಲ್ಲಿದೆ ಹೇಳಿ?"

ಅತ್ತೆ ಎಂದರೆ ನನ್ನ ಹೆಂಡತಿ ಜಸಿರಾ. ಆ ಕಾಡು ನನ್ನದಲ್ಲ, ಅವಳದು. ರಬ್ಬರ್ ಹಾಲು ಇಳಿಸಿ ಬದುಕಿದ ಅವಳಪ್ಪ ಬಿಟ್ಟುಹೋದದ್ದು. ಅದರೊಳಗೆ ಹನ್ನೊಂದು ಕಸ್ತಾನ್ಯ, ಅಂದರೆ ಬ್ರೆಜಿಲ್ ನಟ್ ಮರ. ಪ್ರತಿ ವರ್ಷ ಅವಳು ಬೀಜ ಆರಿಸುವುದು ಅಲ್ಲೇ.

"ಕಸ್ತಾನ್ಯ ಒಂದನ್ನೂ ಮುಟ್ಟಲ್ಲ, ಅತ್ತೆ. ಕಾನೂನೇ ಬಿಡಲ್ಲ. ಸುತ್ತ ಇರೋದನ್ನ ತೆಗೀತೀವಿ ಅಷ್ಟೆ. ಮರ ನಿಂತಿರುತ್ತೆ, ಕಾಯಿ ಬೀಳುತ್ತೆ, ಹುಲ್ಲಲ್ಲಿ ಆರಾಮಾಗಿ ಆರಿಸ್ಕೋಬಹುದು. ಹಾವಿನ ಭಯಾನೂ ಇರಲ್ಲ."

ಚಮಚ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. ಇದು ನನ್ನ ಮಾತು. ಹತ್ತೊಂಬತ್ತು ವರ್ಷದ ಹಿಂದೆ ಇದೇ ಹೆಂಗಸಿಗೆ, ಹಾವಿನ ಭಯದ ಸಮೇತ, ನಾನೇ ಹೇಳಿದ್ದೆ. ಅವಳು ಆಗ ಒಪ್ಪಿದ್ದಳು. ಈಗಿನ ಹುಲ್ಲುಗಾವಲು ಹುಟ್ಟಿದ್ದು ಹಾಗೆ. ಮಾತಿಗೆ ತಪ್ಪಲಿಲ್ಲ — ಅದರ ನಡುವೆ ಮೂರು ಕಸ್ತಾನ್ಯ ಮರ ಇವತ್ತಿಗೂ ನಿಂತಿವೆ. ವರ್ಷಾ ವರ್ಷಾ ಮೈತುಂಬ ಹೂ. ಕಾಯಿ ಮಾತ್ರ ಒಂದೂ ಬಿದ್ದಿಲ್ಲ.

"ಆ ಗೆಣಸಿನ ಪುಡಿ ಇತ್ಲಾಗೆ ಕೊಡು," ಎಂದಳು ಜಸಿರಾ. ಅಷ್ಟೇ.


ಅಕ್ಟೋಬರ್ 10

ಮಗಳು ಎಡಿಲೆನೆ ದೊಡ್ಡಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು. ಕಾಡು ಸಿಗದಿದ್ದರೆ ಇಬ್ಬರೂ ವಂಡೆರ್ಲೆಯ ಅಣ್ಣನಿರುವ ಕಡೆ, ಬೋಕಾ ಪಟ್ಟಣದ ಆಚೆ, ಹೊಸದಾಗಿ ಕಡಿಯುತ್ತಿರುವ ಜಾಗಕ್ಕೆ ಹೋಗುತ್ತಾರಂತೆ. ರಸ್ತೆ ಚೆನ್ನಾಗಿದ್ದರೆ ಎರಡು ದಿನದ ದಾರಿ. ಇರುವುದು ಒಬ್ಬಳೇ ಮಗಳು.

ಅವನನ್ನು ಬೈಯಲು ನನಗೆ ಬಾಯಿಲ್ಲ. ಮೂವತ್ತು ವರ್ಷ ಮೆಷಿನ್ ಗರಗಸ ಹಿಡಿದವನು ನಾನು. ಈ ರಸ್ತೆಯ ಎರಡೂ ಕಡೆ ಬಯಲು ಮಾಡಿದ್ದರಲ್ಲಿ ನನ್ನ ಕೈ ಇಲ್ಲದ ಜಾಗ ಕಡಿಮೆ. ಹುಚ್ಚು ಹಿಡಿದು ಮಾಡಿದ್ದಲ್ಲ. ಕಾಡು ಕಾಡಾಗಿಯೇ ಇದ್ದರೆ ಭೂಮಿ ಖಾಲಿ ಬಿದ್ದಿದೆ ಎನ್ನುತ್ತಿದ್ದರು. ಕಡಿದು ಹುಲ್ಲು ಬೆಳೆದರೆ ಒಡೆಯ ಇದ್ದಾನೆ ಎನ್ನುತ್ತಿದ್ದರು. ರಬ್ಬರ್ ಕೇಳುವವರಿರಲಿಲ್ಲ. ಕರುವನ್ನು ಮಾತ್ರ ಯಾವತ್ತು ಬೇಕಾದರೂ ಮಾರಬಹುದಿತ್ತು — ಮಗಳಿಗೆ ಜ್ವರ ಬಂದರೂ, ಮನೆಯ ತಗಡು ಹಾರಿಹೋದರೂ. ಹುಲ್ಲು ಏಳೆಂಟು ವರ್ಷ ಚೆನ್ನಾಗಿ ಬಂತು. ಆಮೇಲೆ ಮಣ್ಣು ಗಟ್ಟಿಯಾಯಿತು, ತಗ್ಗಲ್ಲಿ ನೀರು ನಿಂತು ಬೇರು ಕೊಳೆಯಿತು. ಹುಲ್ಲು ಸತ್ತಾಗೆಲ್ಲ ನಾವು ಪಕ್ಕದ ಕಾಡು ನೋಡಿದೆವು. ಈಗ ಪಕ್ಕದಲ್ಲಿ ಉಳಿದಿರುವುದು ಜಸಿರಾದು.


ಅಕ್ಟೋಬರ್ 15

ದಾರಿ ಸಿಕ್ಕಿತು! ಗೆಳೆಯ ಒಸ್ಮಾರ್ ರೇಡಿಯೋದಲ್ಲಿ ಕೇಳಿದನಂತೆ.

"ಅಣ್ಣಾ, ಕಸ್ತಾನ್ಯ ತಾನಾಗೇ ಕಾಯಿ ಕಟ್ಟಲ್ಲ. ಹೂವಿಂದ ಹೂವಿಗೆ ಹುಳ ಹೋಗ್ಬೇಕು. ನಿನ್ನ ಬಯಲಲ್ಲಿ ಹುಳ ಎಲ್ಲಿದೆ?"

ಅವನ ಮನೆ ಹಿಂದೆ ಚುಚ್ಚದ ಸಣ್ಣ ಜೇನಿನ ಪೆಟ್ಟಿಗೆ ಎಂಟು. ಒಂದು ಕೊಡು ಎಂದೆ. ಬಯಲಿನ ಮೂರು ಮರ ಫಲಕ್ಕೆ ಬಂದರೆ ವಂಡೆರ್ಲೆಯ ಮಾತೂ ನಿಜವಾಗುತ್ತದೆ, ನನ್ನ ಹಳೇ ಮಾತೂ ನಿಜವಾಗುತ್ತದೆ. ಆಗ ಜಸಿರಾ ಕಾಡು ಬಿಟ್ಟುಕೊಟ್ಟರೂ ಬೀಜ ಸಿಗುತ್ತದೆ, ಮಗಳೂ ಇಲ್ಲೇ ಉಳಿಯುತ್ತಾಳೆ. ಇಷ್ಟು ಸುಲಭದ್ದು ಹತ್ತೊಂಬತ್ತು ವರ್ಷ ಹೊಳೆಯಲಿಲ್ಲವಲ್ಲ.

ಪೆಟ್ಟಿಗೆಯನ್ನು ತೊಡೆ ಮೇಲಿಟ್ಟುಕೊಂಡು ಒಸ್ಮಾರ್‌ನ ಮೋಟಾರ್ ಸೈಕಲ್ ಹಿಂದೆ ಕೂತು ಬಂದೆ.


ಅಕ್ಟೋಬರ್ 16

ಮೊದಲ ಮರಕ್ಕೆ ಕಟ್ಟಿದೆ. ಏಣಿ ಮುಟ್ಟುವಷ್ಟು ಎತ್ತರಕ್ಕೆ. ಹೂವಿರುವುದು ಅಲ್ಲಿಂದ ಇನ್ನೂ ಎಷ್ಟೋ ಮೇಲೆ. ರೆಕ್ಕೆ ಇದೆ, ಹೋಗಲಿ.

ಜಸಿರಾ ಬಟ್ಟೆ ಒಣಹಾಕುತ್ತಾ ನೋಡಿದಳು. "ಮುದುಕಾ, ಅವಕ್ಕೂ ಏಣಿ ಕೊಡ್ತೀಯಾ?"


ಅಕ್ಟೋಬರ್ 24

ಒಂದು ವಾರ ಕುತ್ತಿಗೆ ನೋಯುವಂತೆ ಮೇಲೆ ನೋಡಿದೆ. ಏನೂ ತಿಳಿಯಲಿಲ್ಲ. ಇವತ್ತು ಆಗಷ್ಟೇ ಉದುರಿದ ಹೂ ಒಂದನ್ನು ತಂದು ಜಗಲಿಯ ಮೇಜಿನ ಮೇಲಿಟ್ಟೆ. ಪೆಟ್ಟಿಗೆಯಿಂದ ಒಂದು ಹುಳ ಹಿಡಿದು ಅದರ ಮೇಲೆ ಬಿಟ್ಟೆ.

ಹೂವಿನ ನಡುವೆ ಹಳದಿ ಮುಚ್ಚಳ. ಬಿಗಿಯಾಗಿ ಮಡಚಿಕೊಂಡಿರುತ್ತದೆ. ಮಧು ಅದರ ಕೆಳಗೆ. ಹುಳ ಮುಚ್ಚಳದ ಮೇಲೆ ಹೋಯಿತು, ಸುತ್ತ ಹೋಯಿತು, ತಲೆ ತೂರಿಸಲು ನೋಡಿತು. ಆಗಲಿಲ್ಲ. ಕೊನೆಗೆ ನನ್ನ ಕಾಫಿ ಲೋಟಕ್ಕೆ ಹೋಗಿ ಕೂತಿತು.

ಜಸಿರಾ ಹಿಂದೆ ನಿಂತು ನೋಡುತ್ತಿದ್ದಳೆಂದು ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇದು ನಿನ್ನ ಅಳಿಯನಿಗಿಂತ ಸೋಮಾರಿ ಕಣೋ!"

ನಾನೂ ನಕ್ಕೆ. ಒಳಗೆ ನಗು ಬರಲಿಲ್ಲ.


ನವೆಂಬರ್ 2, ಸತ್ತವರ ಹಬ್ಬ

ಜಸಿರಾಳ ಅಪ್ಪನ ಸಮಾಧಿಗೆ ಮೇಣದಬತ್ತಿ ಹಚ್ಚಿ ಬಂದೆವು. ಬರುವಾಗ ಅವಳು ಮನೆ ದಾರಿ ಹಿಡಿಯಲಿಲ್ಲ. ಹಳ್ಳ ದಾಟಿ ಕಾಡೊಳಗೆ ಕರೆದುಕೊಂಡು ಹೋದಳು.

ಬಯಲಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಒಳಗೆ ಹೋಗಿ ನೂರು ಹೆಜ್ಜೆಗೆ ಆರಿತು. ಹಳ್ಳ ಹುಟ್ಟುವುದು ಇಲ್ಲೇ, ಒಂದು ಬಂಡೆಯ ಬುಡದಲ್ಲಿ. ನೀರು ಕಡಿಮೆ, ಆದರೆ ತಿಳಿ. ಇದು ನಮ್ಮ ಬಯಲಿಗೆ ಇಳಿದ ಮೇಲೆ ತಾನೇ ಕೆಸರಾಗುವುದು.

ದೊಡ್ಡ ಕಸ್ತಾನ್ಯದ ಕೆಳಗೆ ನಿಲ್ಲಿಸಿದಳು. "ಕೇಳು."

ಮೇಲೆ ಭಾರದ ಗುಂಯ್ ಶಬ್ದ. ದುಂಬಿಗಳು. ಹೆಬ್ಬೆರಳಿನಷ್ಟು ದಪ್ಪ. ಇವುಗಳಿಗೆ ಆ ಮುಚ್ಚಳ ಎತ್ತುವ ಶಕ್ತಿ ಇದೆ.

"ಕಸ್ತಾನ್ಯ ಹೂ ಬಿಡೋದು ವರ್ಷದಲ್ಲಿ ಮೂರು ತಿಂಗಳು," ಎಂದಳು. "ಉಳಿದ ಒಂಬತ್ತು ತಿಂಗಳು ಇವು ಏನ್ ತಿನ್ಬೇಕು? ಬಳ್ಳಿ ಹೂ, ಅಡಿಗಿಡದ ಹೂ. ಬಯಲಿಗೆ ಯಾಕ್ ಬರ್ತಾವೆ? ನಿನ್ನ ಹಸು ಮುಖ ನೋಡೋಕಾ?"

"ನಿಂಗೆ ಗೊತ್ತಿತ್ತಾ?"

"ಮೊದಲ್ನೇ ವರ್ಷಾನೇ ಹೇಳಿದ್ದೆ. ಹೂ ಬಿಟ್ಟಿದೆ, ಮರ ಸದ್ದು ಮಾಡ್ತಿಲ್ಲ ಅಂತ. ನೀನು ಗರಗಸಕ್ಕೆ ಅರ ಹಾಕ್ತಾ ಕೂತಿದ್ದೆ. ಕಿವಿಗೆ ಎಣ್ಣೆ ಬಿಟ್ಕೋ ಅಂತ ನಂಗೇ ಹೇಳಿದೆ."

ನನಗೆ ನೆನಪಿಲ್ಲ. ನೆನಪಿಲ್ಲದಿರುವುದೇ ಹೆಚ್ಚು ನಾಚಿಕೆ. ಅವಳು ಮತ್ತೆ ಹೇಳಲಿಲ್ಲ, ನಾನು ಕೇಳಲಿಲ್ಲ. ಮರಗಳು ಹತ್ತೊಂಬತ್ತು ವರ್ಷ ಅಲ್ಲೇ ನಿಂತಿದ್ದವು.


ಜನವರಿ 17

ಎರಡು ತಿಂಗಳು ಬರೆಯಲಿಲ್ಲ. ಮಳೆ ತಡವಾಗಿ ಬಂತು, ಬಂದಾಗ ಒಂದೇ ಸಲ ಬಿತ್ತು. ತಗ್ಗಿನ ಮಣ್ಣು ಕೊಚ್ಚಿ ಹಳ್ಳಕ್ಕೆ ಹೋಯಿತು.

ಈಗ ಕಾಯಿ ಬೀಳುವ ಕಾಲ. ತೆಂಗಿನ ಚಿಪ್ಪಿಗಿಂತ ಗಟ್ಟಿ, ತಲೆ ಮೇಲೆ ಬಿದ್ದರೆ ಮುಗಿಯಿತು. ಜಸಿರಾ ತಲೆಗೆ ಅಲ್ಯುಮಿನಿಯಂ ಪಾತ್ರೆ ಕವಿಚಿಕೊಂಡು ಕಾಡಿಗೆ ಹೋಗುತ್ತಾಳೆ. ಬುಟ್ಟಿ ತುಂಬ ಬರುತ್ತಾಳೆ. ಬಯಲಿನ ಮರಗಳ ಕೆಳಗೆ ನಾನು ಸುಮ್ಮನೆ ಒಂದು ಸುತ್ತು ಹಾಕಿ ಬಂದೆ. ಬರಿಯ ಸೆಗಣಿ.


ಮಾರ್ಚ್ 10, ಭಾನುವಾರ

ಎಡಿಲೆನೆಗೆ ನಾಲ್ಕು ತಿಂಗಳು. ಸಂತೋಷದ ಸುದ್ದಿ ಹೇಳಿ ಮುಗಿಸುವುದರೊಳಗೆ ಇನ್ನೊಂದು: ವಂಡೆರ್ಲೆಯ ಅಣ್ಣ ಜಾಗ ಹಿಡಿದಿಟ್ಟಿದ್ದಾನೆ, ಮಳೆಗಾಲ ಮುಗಿದೊಡನೆ ಹೊರಡುತ್ತಾರೆ.

ಅವರು ಹೋದ ಮೇಲೆ ಜಸಿರಾ ಪಾತ್ರೆ ತಿಕ್ಕುತ್ತಾ, ತಿರುಗದೆ, ಹೇಳಿದಳು.

"ಕಡಿದುಬಿಡು, ಮುದುಕಾ."

"ಏನನ್ನ?"

"ಗೊತ್ತಿದ್ದೂ ಕೇಳ್ಬೇಡ. ಅಲ್ಲಿ ಡಾಕ್ಟರಿಲ್ಲ, ಸೂಲಗಿತ್ತಿ ಇಲ್ಲ. ಕಾಡು ಇಟ್ಕೊಂಡು ನಾನೇನ್ ಮಾಡ್ಲಿ? ಮಗು ಇಲ್ಲಿ ಅಂಗಳದಲ್ಲಿ ಆಡ್ಲಿ."

ವಂಡೆರ್ಲೆ ಕೇಳಿ ಕುಣಿದ. "ಮಾವ, ನೀವೇ ಕಡೀಬೇಕು. ನಿಮ್ಮಷ್ಟು ನೀಟಾಗಿ ಮರ ಮಲಗ್ಸೋರು ಈ ಕಡೆ ಯಾರಿದಾರೆ? ಪರ್ಮಿಟ್ ಇಲ್ದೆ ಕಡಿದಿದ್ದಕ್ಕೆ ದಂಡದ ಕಾಗದ ಬರೋಷ್ಟರಲ್ಲಿ ಹುಲ್ಲು ಬೆಳೆದು ಹಸು ಈದಿರುತ್ತೆ!"

ಆಯಿತು ಎಂದೆ.


ಮೇ 20

ಮೊದಲ ದಿನ. ಮಚ್ಚು ಹಿಡಿದು ಅಡಿಗಿಡ ಸವರಲು ಹೋದೆ. ಮೊದಲು ಅಡಿಗಿಡ, ಆಮೇಲೆ ಮರ, ಒಣಗಿದ ಮೇಲೆ ಬೆಂಕಿ. ಕೈಗೆ ಎಲ್ಲ ಗೊತ್ತಿದೆ. ಹತ್ತು ಗಂಟೆಗೆ ಒಂದು ಪಟ್ಟೆ ಮುಗಿದಿತ್ತು.

ಹಳೇ ಕೊರಡೊಂದು ಅಡ್ಡ ಬಿದ್ದಿತ್ತು. ಮಚ್ಚು ತಾಗಿದಾಗ ಒಳಗಿಂದ ಗುಂಯ್ ಎಂದಿತು. ಬಗ್ಗಿ ನೋಡಿದರೆ ಬೆರಳು ತೂರುವಷ್ಟು ತೂತುಗಳು, ಕೆಳಗೆ ಹೊಸ ಮರದ ಪುಡಿ. ಒಂದು ದುಂಬಿ ಹೊರಬಂದು ನನ್ನ ಮುಖದ ಮುಂದೆ ನಿಂತಿತು. ಅದರ ಮನೆ ಇದು. ಸತ್ತ ಮರ. ಇಂಥದ್ದನ್ನು ನಾನು ಎಷ್ಟು ಸುಟ್ಟಿದ್ದೇನೋ. ಕಾನೂನು ಕಸ್ತಾನ್ಯ ಮರವನ್ನು ಮುಟ್ಟಬೇಡ ಎನ್ನುತ್ತದೆ. ಈ ಕೊರಡಿನ ಸುದ್ದಿ ಅದರಲ್ಲಿಲ್ಲ.

ಅಲ್ಲೇ ಕೂತೆ. ಮಧ್ಯಾಹ್ನ ಮನೆಗೆ ಬಂದೆ. ಮಚ್ಚು ಅಲ್ಲೇ ಮರೆತು ಬಂದಿದ್ದೇನೆ.


ಮೇ 21

ಊಟಕ್ಕೆ ಎಲ್ಲರೂ ಕೂತಾಗ ಕೊರಡಿನ ದುಂಬಿಯ ವಿಷಯ ಹೇಳಿದೆ, ಕಡಿಯುವುದಿಲ್ಲ ಎಂದೂ ಹೇಳಿದೆ. ನನ್ನ ಹದಿನಾರು ಹಸು ಮಾರುತ್ತೇನೆ, ಗಟ್ಟಿ ಹುಲ್ಲಿರುವ ದಿಬ್ಬ ಪೂರ್ತಿ ವಂಡೆರ್ಲೆಗೆ. ತಗ್ಗಿಗೆ ಬೇಲಿ ಹಾಕಿ ಬಿಟ್ಟುಬಿಡೋಣ, ಏನು ಬೆಳೆಯುತ್ತೋ ಬೆಳೆಯಲಿ.

ವಂಡೆರ್ಲೆ ತಟ್ಟೆ ಸರಿಸಿದ. "ಮಾವ, ಮೂವತ್ತು ವರ್ಷ ಊರೋರ ಕಾಡೆಲ್ಲ ಕಡಿದ್ರಿ. ನನ್ನ ಸರದಿ ಬಂದಾಗ ದುಂಬಿ ನೆನಪಾಯ್ತಾ?"

ತಟ್ಟೆಯನ್ನು ಮತ್ತೆ ಅವನ ಮುಂದೆ ಸರಿಸಿದೆ.

"ದಿಬ್ಬದ ಹುಲ್ಲು ಇನ್ನೆಷ್ಟು ವರ್ಷ? ಆಮೇಲೆ?" ಎಂದ.

ಎಡಿಲೆನೆ ಅಳುತ್ತಾ ಎದ್ದಳು. "ಅಪ್ಪಾ, ನಾನು ಇಲ್ಲೇ ಹೆರಬೇಕು ಅಂತಿದ್ದೆ."

ಜಸಿರಾ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಕೃತಜ್ಞತೆ ಹುಡುಕಿದೆ. ಇರಲಿಲ್ಲ.


ಜೂನ್ 2

ಹೋದರು. ಲಾರಿಯಲ್ಲಿ ಮಂಚ, ಒಲೆ, ಎಂಟು ಹಸು. ಜಸಿರಾ ಮಗಳ ಹೊಟ್ಟೆ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದಳು.

ಒಳಗೆ ಬಂದು ನನಗೆ ಅನ್ನ ಬಡಿಸಿದಳು. ಮಾತಿಲ್ಲ.


ಜೂನ್ 30

ಇನ್ನೂ ಮಾತಿಲ್ಲ. ನಾನಿರುವ ಕಡೆ ಅವಳು ಗೋಡೆ ನೋಡುತ್ತಾಳೆ.

ಫೋನ್ ಸಿಗ್ನಲ್ ಸಿಗುವುದು ದೊಡ್ಡಿಯ ಮೂಲೆ ಕಂಬದ ಹತ್ತಿರ ಮಾತ್ರ. ಅಲ್ಲಿ ನಿಂತು ಎಡಿಲೆನೆ ಜೊತೆ ಮಾತಾಡಿದೆ. ಹುಷಾರಾಗಿದ್ದಾಳೆ. ವಂಡೆರ್ಲೆ ಹತ್ತು ಹೆಕ್ಟೇರ್ ಕಡಿಯುತ್ತಾನಂತೆ. ಅಲ್ಲೆಲ್ಲ ದಟ್ಟ ಕಾಡಂತೆ, ಇನ್ನೂ ಯಾರೂ ಮುಟ್ಟದ್ದು.

ಇಲ್ಲಿ ಆರು ಉಳಿಸಿದೆ. ಅಲ್ಲಿ ಹತ್ತು ಬೀಳುತ್ತದೆ. ಮೇಲಿಂದ ಮಗಳೂ ಹೋದಳು. ಏನು ಉಳಿಸಿದೆ ನಾನು? ಜಸಿರಾಗಾಗಿ ಮಾಡಿದೆನೋ, ನನ್ನ ಮನಸ್ಸಿನ ಸಮಾಧಾನಕ್ಕೋ? ಮರ ಸದ್ದು ಮಾಡುತ್ತಿಲ್ಲ ಎಂದಾಗ ಕಿವಿಗೊಡಲಿಲ್ಲ, ಕಡಿ ಎಂದಾಗ ಕಡಿಯಲಿಲ್ಲ. ಎರಡು ಸಲವೂ ಅವಳ ಮಾತು ಕೇಳಲಿಲ್ಲ.


ಜುಲೈ 13, ಶನಿವಾರ

ಮಧ್ಯಾಹ್ನ ಮೂಲೆ ಕಂಬದ ಹತ್ತಿರ ಇದ್ದಾಗ ಫೋನ್ ಬಂತು. ಎಡಿಲೆನೆ ಅಲ್ಲ, ವಂಡೆರ್ಲೆ. ಮಗಳಿಗೆ ಏನಾಯಿತು ಎಂದೆ.

"ಅವಳು ಚೆನ್ನಾಗಿದಾಳೆ, ಮಾವ. ಅದಕ್ಕಲ್ಲ... ಇಲ್ಲಿ ಕಸ್ತಾನ್ಯ ಹದಿನಾಲ್ಕಿದೆ. ನಿಮ್ಮ ಬಯಲಿನ ಮೂರರ ಹಾಗೆ ಬರಡಾಗ್ಬಾರ್ದು. ಅಡಿಗಿಡ ಅರ್ಧ ಸವರಿ ಆಯ್ತು, ಸೋಮವಾರ ಗರಗಸ. ಸುತ್ತ ಎಷ್ಟು ಬಿಟ್ರೆ ದುಂಬಿ ಉಳಿಯುತ್ತೆ?"

ಎಷ್ಟು ಬಿಡಬೇಕೋ ನನಗೆ ಗೊತ್ತಿಲ್ಲ ಎಂದೆ. ಎಷ್ಟು ಹೊತ್ತಿಗೆ ಎಷ್ಟು ಕಡಿಯಬಹುದು ಎಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಎಷ್ಟು ಬಿಡಬೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಹಾಲಿನ ಕ್ಯಾನ್ ತೊಳೆಯುತ್ತಿದ್ದ ಜಸಿರಾ ಬಂದು ಒದ್ದೆ ಕೈಯಲ್ಲೇ ಫೋನ್ ಕಿತ್ತುಕೊಂಡಳು.

"ಸತ್ತು ಬಿದ್ದ ಕೊರಡು ಎಷ್ಟಿವೆ ಅಲ್ಲಿ?... ನೋಡಿಲ್ವಾ? ಬಳ್ಳಿ ಹೂ ಯಾವ ಕಡೆ?... ಅದೂ ಇಲ್ಲ! ಮುಖದ ಮೇಲೆ ಕಣ್ಣು ಯಾಕಿಟ್ಕೊಂಡಿದೀಯ? ಗರಗಸ ಕೆಳಗಿಡು. ಗುರುವಾರದವರೆಗೆ ಮುಟ್ಟಿದ್ರೆ ನೋಡು. ನಾನು ಬರ್ತಿದೀನಿ. ಹೆರಿಗೆ ಮುಗಿಯೋವರೆಗೂ ಇರ್ತೀನಿ."

ಫೋನ್ ನನ್ನ ಕೈಗೆ ತುರುಕಿದಳು. ನಲವತ್ತೊಂದು ದಿನದ ಮೇಲೆ ನನ್ನ ಮುಖ ನೋಡಿದಳು.

"ನೀನೂ ಹೊರಡು, ಮುದುಕಾ. ಯಾವ ಮರ ಬಿದ್ರೆ ಯಾವುದನ್ನ ಎಳ್ಕೊಂಡು ಬೀಳುತ್ತೆ ಅನ್ನೋದು ನಿಂಗೇ ತಾನೇ ಗೊತ್ತು."


ಜುಲೈ 14, ಬೆಳಿಗ್ಗೆ 5.30

ಹಾಲು ಕರೆಯಲು ಒಸ್ಮಾರ್ ಬಂದಿದ್ದಾನೆ. ಬಸ್ಸು ಆರಕ್ಕೆ.

ವಂಡೆರ್ಲೆ ಎಷ್ಟು ಬಿಟ್ಟಾನು ಎಂದು ಕಾಫಿ ಕುಡಿಯುತ್ತಾ ಕೇಳಿದಳು. ಎರಡು ಹೆಕ್ಟೇರ್ ಇರಬಹುದು ಎಂದೆ. "ಹಾಗಾದ್ರೆ ನಾನು ಆರು ಅಂತೀನಿ, ನೀನು ನನ್ನ ಜೊತೆ ಜಗಳ ಆಡು. ಅವನು ನಾಲ್ಕು ಹೆಕ್ಟೇರಿಗೆ ಬರ್ತಾನೆ." ಆ ಕಾಡು ಹೇಗಿದೆಯೋ, ನೀರು ಎಲ್ಲಿದೆಯೋ, ನಾಲ್ಕು ಸಾಕಾಗುತ್ತದೋ ಅವಳಿಗೂ ಗೊತ್ತಿಲ್ಲವಂತೆ. ಹೋಗಿ ಕೇಳಿಸಿಕೊಂಡರೆ ತಿಳಿಯುತ್ತದಂತೆ.

ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಬರೆದದ್ದು ಸಾಕು ಅಂತೆ. ನಾಲ್ಕು ಸಿಕ್ಕರೂ ಸಾಕು, ಅಥವಾ ಮೂರೂವರೆ, ನೀರಿನ ಕಡೆಯದು ಸಿಕ್ಕರೆ... ಬಂದೆ, ಬಂದೆ.