ಗೌಡತಿಯ ಗುಳಿಗೆ

ಕೊರ್ತಾಲಿಮ್, ಗೋವಾ, 2007

ಫೆಬ್ರವರಿ 6
ಬೆಳಿಗ್ಗೆ ಕಾಲು ಗುಳಿಗೆ, ಬಾಂಗಡೆ ಮೀನಿನ ಚೂರಿನೊಳಗೆ. ನನ್ನ ಬೆಕ್ಕು ಗೌಡತಿ ಮೀನು ತಿಂದು ಗುಳಿಗೆ ಉಗುಳಿತು. ಮತ್ತೆ ತುರುಕಿದೆ. ಈ ತಿಂಗಳು ಫಿಟ್ಸ್ ಬಂದಿಲ್ಲ.

ಮನುಷ್ಯರ ಗುಳಿಗೆಯೇ ಬೆಕ್ಕಿಗೂ ಆಗುತ್ತದೆ ಎಂದವರು ಮಡಗಾಂವದ ಪಶುವೈದ್ಯರು. ಅವರ ಚೀಟಿಗೆ ಇಲ್ಲಿನ ಮೆಡಿಕಲ್‌ನವನು ಕೊಡಲಿಲ್ಲ. ಮನುಷ್ಯರ ಹೆಸರೇ ಬೇಕಂತೆ. ನನ್ನದು ಬರೆಸುವಂತಿರಲಿಲ್ಲ — ಹಡಗು ಕಟ್ಟುವ ಯಾರ್ಡಿನಲ್ಲಿ ಕ್ರೇನ್ ನಡೆಸುವವನಿಗೆ ಫಿಟ್ಸ್ ಗುಳಿಗೆ ಎಂದು ಗೊತ್ತಾದರೆ ಮರುದಿನವೇ ಮನೆಗೆ. ಪಕ್ಕದ ಖೋಲಿಯ ರೂಪಾ, ‘ನಂದ ಬರಸ್ರಿ ಕಾಕಾ’ ಎಂದಳು. ಊರ ಡಾಕ್ಟರ್ ತಲೆಯೆತ್ತದೆ ಬರೆದರು. ಗುಳಿಗೆ ತರುವವಳೂ ಅವಳೇ. ಅನುಕೂಲವಾಯಿತು.

ಫೆಬ್ರವರಿ 18
ರೂಪಾಳ ಅವ್ವ ರಾಮಿಬಾಯಿ ಬಂದಳು. ಕೂರಲಿಲ್ಲ.

‘ಅನಿಲನ ಮನ್ಯಾವರು ರೂಪಾನ್ನ ಒಲ್ಲೆ ಅನ್ನಾಕತ್ತಾರ ಅಣ್ಣಾ. ಅವರಪ್ಪ ಥಾವರಪ್ಪ ಮೆಡಿಕಲ್‌ನ್ಯಾಗ ಕೇಳ್ಯಾನ, ಈ ಹುಡುಗಿ ಒಯ್ಯೂದು ಏನು ಗುಳಿಗಿ ಅಂತ. ಫಿಟ್ಸಿಂದು ಅಂದಾರ.’

‘ಬೆಕ್ಕಿಗೆ ಅಂತ ಹೇಳಬೇಕಿತ್ತಲ್ಲ.’

‘ಹೇಳೀನ್ರಿ. ನಕ್ಕಾರ. ಬೆಕ್ಕಿಗೆ ಶುಗರ್ರೂ ಐತೇನು, ಬಿಪಿನೂ ಐತೇನು ಅಂತ.’

ರೂಪಾ-ಅನಿಲರ ಮದುವೆ ಮಾತು ಮುಗಿದಿತ್ತು. ಸೀರೆ ತರುವುದಷ್ಟೇ ಬಾಕಿ.

ಫೆಬ್ರವರಿ 25
ರಾಮಿಬಾಯಿಯನ್ನು ಕರೆದುಕೊಂಡು ನಾನೇ ಅವರ ಮನೆಗೆ ಹೋದೆ. ಥಾವರಪ್ಪ ಬೀಚಿನಲ್ಲಿ ಮಾರುವ ಕಪ್ಪೆಚಿಪ್ಪಿನ ಸರ ಪೋಣಿಸುತ್ತಿದ್ದ. ಎಲ್ಲ ಕೇಳಿಸಿಕೊಂಡ.

‘ಬೆಕ್ಕಿಗೆ ಬರೂದು ಕಣ್ಣೀಲೆ ತೋರಸ್ರಿ ಸಾಹೇಬ್ರ. ನಂಬ್ತೇನಿ.’

ಬರುವ ರವಿವಾರ ಬರುತ್ತಾನೆ. ವಾಪಸು ಬರುವ ದಾರಿಯಲ್ಲಿ ರಾಮಿಬಾಯಿ ಮೆಲ್ಲಗೆ: ‘ಎರಡ ದಿನ ಗುಳಿಗಿ ಬಿಟ್ರ ಬರ್ತೈತಲ್ರೀ?’

ಬರುತ್ತದೆ. ಬಂದದ್ದು ನಿಲ್ಲದೆಯೂ ಹೋಗಬಹುದು — ಪಶುವೈದ್ಯರು ಎಚ್ಚರಿಸಿದ್ದರು. ಅವಳಿಗೆ ಹೇಳಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಮಾರ್ಚ್ 3
ನಿನ್ನೆ ಕೊಡಲಿಲ್ಲ. ಇವತ್ತೂ ಇಲ್ಲ. ಗೌಡತಿ ಹೊತ್ತಿಗೆ ಸರಿಯಾಗಿ ಬಂದು ಬಟ್ಟಲಿನ ಮುಂದೆ ಕುಳಿತಿತ್ತು. ನಾನು ಶೂ ಲೇಸು ಕಟ್ಟುತ್ತಲೇ ಇದ್ದೆ...

ಮಾರ್ಚ್ 4, ಸಂಜೆ
ಥಾವರಪ್ಪ ಬಂದ, ಅನಿಲನೂ. ಚಹಾ ಆಯಿತು, ಮತ್ತೊಮ್ಮೆ ಆಯಿತು. ಎಲ್ಲರೂ ಬೆಕ್ಕನ್ನೇ ನೋಡುತ್ತಾ ಕುಳಿತೆವು. ರೂಪಾಳ ಮಡಿಲಲ್ಲಿ ಮಲಗಿತ್ತು. ಆಕಳಿಸಿತು. ಮತ್ತೆ ಮಲಗಿತು.

‘ಭಾಳ ಚಲೋ ನಿದ್ದಿ ಐತಿ ಬಿಡ್ರಿ ಇದಕ,’ ಎಂದು ಥಾವರಪ್ಪ ಎದ್ದ. ಅನಿಲ ಹೊಸ್ತಿಲಲ್ಲಿ ಒಮ್ಮೆ ತಿರುಗಿದ. ಅಷ್ಟೇ.

ಅವರು ಹೋದ ಮೇಲೆ ರೂಪಾ: ‘ನಾನ ಕೊಟ್ಟೇನ್ರಿ ಕಾಕಾ. ಎರಡೂ ದಿನ, ನೀವು ಡ್ಯೂಟಿಗೆ ಹೋದ ಮ್ಯಾಲೆ. ಅದು ಒದ್ದಾಡೂದು ನಾ ನೋಡೀನಿ. ಮಂದಿ ಮುಂದ ಕುಂಡ್ರಿಸಿ ತೋರ್ಸೂದಂದ್ರ...’

ನಿನ್ನೆ ಸಂಜೆಯೂ ಅವಳ ಬೆರಳಿಗೆ ಬಾಂಗಡೆಯ ವಾಸನೆ ಇತ್ತು. ನಾನು ಗಮನಿಸಬಹುದಿತ್ತು.

ಮಾರ್ಚ್ 9
ಗುಳಿಗೆ ಮುಗಿಯುತ್ತಾ ಬಂತು. ಹೊಸ ಚೀಟಿ ಬೇಕು. ಸಂಬಂಧ ಮುರಿದಾಗಿನಿಂದ ರಾಮಿಬಾಯಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರೂಪಾ ಮಾತ್ರ ಬಾಗಿಲಿಗೆ ಬಂದಳು.

‘ನಂದ ಹೆಸರು ಇರ್ಲಿ ಬಿಡ್ರಿ ಕಾಕಾ. ಈಗ ಹೋಗೂದೇನೈತಿ?’

ಬೇಡ, ಈ ಸಲ ನನ್ನದು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರ್ಡಿನ ಸೈರನ್ — ಬಗ್ಗಿ ಶೂ ಲೇಸು ಕಟ್ಟತೊಡಗಿದೆ.