ನಾಯಕತ್ವ ಶಿಬಿರದಲ್ಲಿ ಎದ್ದು ನಿಂತ ತಪ್ಪಿಗೆ

ಯುವಜನ ಇಲಾಖೆಯ ಮಾನ್ಯ ನಿರ್ದೇಶಕರೇ,

ನಮ್ಮ ಬೀದಿಯ ಯುವಜನ ಸಂಘದ ಕೋಣೆಗೆ ನಿಮ್ಮ ಇಲಾಖೆ ಬೀಗ ಹಾಕಿ ಇವತ್ತಿಗೆ ನಲವತ್ತೊಂದು ದಿನ. ಬಾಗಿಲಿಗೆ ಅಂಟಿಸಿದ ನೋಟಿಸಿನಲ್ಲಿ ಕಾರಣ ಒಂದೇ ಸಾಲಿನಲ್ಲಿದೆ: 'ಸಂಘದ ಕಾರ್ಯದರ್ಶಿಯು ನಾಯಕತ್ವ ತರಬೇತಿ ಶಿಬಿರದಲ್ಲಿ ಅನುಮತಿಯಿಲ್ಲದೆ ನಾಯಕತ್ವ ವಹಿಸಿರುತ್ತಾರೆ.' ಈ ಸಾಲು ಬರೆದವರು ಬರೆದ ಮೇಲೆ ಒಮ್ಮೆ ಓದಿ ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕಾರ್ಯದರ್ಶಿ ನನ್ನ ಮಗಳು. ವಯಸ್ಸು ಹತ್ತೊಂಬತ್ತು.

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಪತ್ರಿಕೆಗೆ ಬರೆದು ಅಭ್ಯಾಸವಿಲ್ಲ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಸಿಟ್ಟು ಬರಲಿ ಎಂದು ನಾನೂ ಕಾದೆ, ಬರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುತ್ತೇನೆ, ಯಂತ್ರಕ್ಕೆ ಎಣ್ಣೆ ಬಿಡುತ್ತೇನೆ, ಊಟದ ಹೊತ್ತಿಗೆ ಊಟ ಮಾಡುತ್ತೇನೆ. ಹೆಂಡತಿ ಏನಾದರೂ ಕೇಳಿದರೆ ಎರಡನೇ ಸಲಕ್ಕೆ ಕಿವಿಗೆ ಬೀಳುತ್ತದೆ. ಮೊನ್ನೆ ಸೂಜಿ ಬೆರಳಿಗೆ ಚುಚ್ಚಿ ರಕ್ತ ಬಂದದ್ದನ್ನು ಗಿರಾಕಿಯೇ ತೋರಿಸಬೇಕಾಯಿತು.

ಸಂಘದ ಬಗ್ಗೆ ನಿಮ್ಮ ಕಡತದಲ್ಲಿ ಏನಿದೆಯೋ ಕಾಣೆ, ನಾನು ಕಂಡದ್ದನ್ನು ಹೇಳುತ್ತೇನೆ. ಹಳೆಯ ಅಂಚೆ ಕಚೇರಿಯ ಹಿಂದೆ ನಿಮ್ಮ ಇಲಾಖೆಯೇ ಕೊಟ್ಟ ಒಂದು ಕೋಣೆ. ಒಂದು ಉದ್ದನೆಯ ಮೇಜು, ಹದಿನಾಲ್ಕು ಕುರ್ಚಿ, ಅವುಗಳಲ್ಲಿ ಮೂರಕ್ಕೆ ಕಾಲು ಅಲುಗುತ್ತದೆ. ಸಂಘ ಶುರುಮಾಡಿದ್ದು ನಿವೃತ್ತ ಅಂಚೆಯವರೊಬ್ಬರು, ಮಕ್ಕಳ ಬಾಯಲ್ಲಿ ಪೋಸ್ಟಜ್ಜ. ಅವರು ಮಾಡಿಟ್ಟ ಕಾನೂನು ಒಂದೇ ಒಂದು. "ದೂರು ಹೇಳೋಕೆ ಯಾರಿಗೆ ಬೇಕಾದ್ರೂ ಬರುತ್ತೆ. ಹೇಳಿದವರೇ ಎದ್ದು ಬಂದು ಸರಿ ಮಾಡ್ಬೇಕು. ಸರಿಯಾಗೋವರೆಗೂ ಅದಕ್ಕೆ ಅವರೇ ನಾಯಕರು, ಮಿಕ್ಕವರು ಅವರ ಮಾತು ಕೇಳ್ಬೇಕು." ಬೀದಿದೀಪ ಉರಿಯುತ್ತಿಲ್ಲ ಎಂದು ಗೊಣಗಿದ ಹುಡುಗಿಯೊಬ್ಬಳು ಐದು ಮಕ್ಕಳನ್ನು ಕಟ್ಟಿಕೊಂಡು ವಿದ್ಯುತ್ ಕಚೇರಿಗೆ ಎಂಟು ಸಲ ಅಲೆದಳು. ಒಂಬತ್ತನೇ ಸಲ ಇವರ ತಲೆ ಕಂಡಕೂಡಲೇ ಅಲ್ಲಿನವರು ಏಣಿ ಹೊತ್ತುಕೊಂಡು ಹೊರಟರಂತೆ. ನನ್ನ ಮಗಳು ಹನ್ನೆರಡು ವರ್ಷದವರೆಗೂ ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣ ಕೇಳಲು ನನ್ನ ಬೆನ್ನ ಹಿಂದೆ ಅಡಗುತ್ತಿದ್ದವಳು. ಕೇರಂ ಬೋರ್ಡು ಹುಡುಗಿಯರ ಕೈಗೆ ಸಿಗುವುದೇ ಇಲ್ಲ ಎಂದು ಹದಿಮೂರನೇ ವಯಸ್ಸಿನಲ್ಲಿ ದೂರು ಹೇಳಿದಳು, ಕೇರಂ ಬೋರ್ಡಿನ ನಾಯಕಿಯಾಗಿ ಮನೆಗೆ ಬಂದಳು. ಆಮೇಲೆ ಅವಳ ಬಾಯಿ ಮುಚ್ಚಿಸುವುದು ನಮ್ಮಿಂದ ಆಗಲಿಲ್ಲ.

ಈಗ ನಿಮ್ಮ ಶಿಬಿರಕ್ಕೆ ಬರೋಣ. ಮೂರು ದಿನದ ಶಿಬಿರ, ಕೊನೆಯ ದಿನ ಹೆತ್ತವರಿಗೂ ಆಹ್ವಾನ. ಇನ್ನೂರ ನಲವತ್ತು ಮಕ್ಕಳು ಸಾಲುಸಾಲಾಗಿ ಕೂತಿದ್ದರು. ವೇದಿಕೆಯ ಬ್ಯಾನರಿನಲ್ಲಿ ಯುವಜನರಿಗಿಂತ ನಿಮ್ಮ ಫೋಟೋ ದೊಡ್ಡದಿತ್ತು, ಇರಲಿ. ಮಾತನಾಡುವ ಕಲೆಯ ಬಗ್ಗೆ ಒಂಬತ್ತು ಮಂದಿ ಮಾತನಾಡಿದರು. ಮಕ್ಕಳು ಮೂರು ದಿನದಲ್ಲಿ ಆಡಿದ ಮಾತು 'ಹಾಜರ್' ಎಂಬುದೊಂದೇ. ಕೊನೆಗೆ ತಾವೇ ಮೈಕಿನಲ್ಲಿ, "ಯಾರಿಗಾದರೂ ಏನಾದರೂ ದೂರಿದ್ದರೆ ಮುಕ್ತವಾಗಿ ಹೇಳಿ" ಎಂದಿರಿ. ಈ ಪ್ರಶ್ನೆಗೆ ಸರಿಯುತ್ತರ ಚಪ್ಪಾಳೆ ಎಂಬುದು ಲೋಕರೂಢಿ. ನನ್ನ ಮಗಳಿಗೆ ಅದು ಗೊತ್ತಿರಲಿಲ್ಲ, ನಾವು ಕಲಿಸಿರಲಿಲ್ಲ.

ಅವಳು ಎದ್ದು ನಿಂತಳು. "ಸರ್, ಮೂರು ದಿನದಿಂದ ನಮಗ್ಯಾರಿಗೂ ಮಾತಾಡೋಕೇ ಬಿಟ್ಟಿಲ್ಲ."

ಅಷ್ಟಕ್ಕೇ ಕೂತಿದ್ದರೆ ನೀವೂ ನಕ್ಕು ಮರೆಯುತ್ತಿದ್ದಿರೇನೋ. ಆದರೆ ದೂರು ಹೇಳಿದವರು ಮುಂದೆ ಬರಬೇಕೆಂಬುದು ಅವಳಿಗೆ ಆರು ವರ್ಷದ ರೂಢಿ. ನೇರ ವೇದಿಕೆ ಹತ್ತಿ, "ಒಂದ್ನಿಮಿಷ ಕೊಡಿ ಸರ್" ಎಂದು ನಿಮ್ಮ ಕೈಯಿಂದಲೇ ಮೈಕ್ ತೆಗೆದುಕೊಂಡಳು. "ಹತ್ತತ್ತು ಜನ ಗುಂಪಾಗಿ. ಮುಂದಿನ ಸಾಲಿನವರು ಕುರ್ಚಿ ತಿರುಗಿಸ್ಕೊಳ್ಳಿ. ಇದುವರೆಗೂ ಬಾಯಿ ಬಿಡದವರು ಮೊದಲು ಮಾತಾಡಿ." ಇನ್ನೂರ ನಲವತ್ತು ಕುರ್ಚಿಗಳು ಒಟ್ಟಿಗೆ ಸದ್ದು ಮಾಡಿದವು. ನಾಲ್ಕೇ ನಿಮಿಷದಲ್ಲಿ ಇಪ್ಪತ್ತನಾಲ್ಕು ಗುಂಪು, ಸಭಾಂಗಣದ ತುಂಬ ಮಕ್ಕಳ ಮಾತು. ನಿಮ್ಮ ಅಧಿಕಾರಿಯೊಬ್ಬರು ಓಡಿ ಬಂದು, "ಯಾರಮ್ಮ ನೀನು? ಇಳಿ ಕೆಳಗೆ!" ಎಂದು ಕೂಗಿದರು. ಅವಳು ಅವರಿಗೆ ಸಮಾಧಾನ ಹೇಳಿದಳು: "ದೂರು ನಂದೇ ಸರ್, ನಾನೇ ನೋಡ್ಕೋತೀನಿ, ನೀವು ತಲೆ ಕೆಡಿಸ್ಕೋಬೇಡಿ."

ಸ್ವಾಮಿ, ನಾಯಕತ್ವ ಎಂದರೆ ಇನ್ನೇನಿರುತ್ತದೆ ಎಂದುಕೊಂಡಿದ್ದಿರಿ ನೀವು? ಪ್ರಮಾಣಪತ್ರ ಹಿಡಿದು ಫೋಟೋಕ್ಕೆ ನಿಲ್ಲುವುದೇ? ಈಜು ಕಲಿಸುತ್ತೇವೆಂದು ಕರೆದು, ನೀರಿಗಿಳಿದವಳಿಗೆ ಬಟ್ಟೆ ಒದ್ದೆಯಾಯಿತೆಂದು ದಂಡನೆ ಕೊಡುವ ಶಾಲೆ ಎಲ್ಲಿಯಾದರೂ ಉಂಟೇ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನೀವು ಎರಡು ದಿನ ತೆಗೆದುಕೊಂಡಿರಿ, ಕಡತ ಸಾಗಬೇಕಲ್ಲ. ಬೀಗ ಬಿದ್ದ ಮೊದಲ ವಾರ ಮಕ್ಕಳು ಮೆಟ್ಟಿಲ ಮೇಲೆ ಕೂತು ಸಭೆ ನಡೆಸಿದರು. ಎರಡನೇ ವಾರ ನಾಲ್ಕೇ ಮಂದಿ ಬಂದರು. ಈಗ ಅಲ್ಲಿ ಯಾರೂ ಇಲ್ಲ.

ನೋಟಿಸಿನ ಕೆಳಗೆ ಇನ್ನೊಂದು ಮಾತಿತ್ತು: ಕಾರ್ಯದರ್ಶಿ ಕ್ಷಮಾಪಣೆ ಪತ್ರ ಬರೆದುಕೊಟ್ಟರೆ ಕೋಣೆ ತೆರೆಯುವುದನ್ನು ಪರಿಶೀಲಿಸಲಾಗುವುದು. ಹೋದ ಗುರುವಾರ ಅವಳು ಬರೆದಳು. ನಾಲ್ಕು ಸಾಲು, ಒಂದೂ ಚಿತ್ತುಕಾಟಿಲ್ಲ. ಅಂಚೆಗೆ ಹಾಕಪ್ಪ ಎಂದು ನನ್ನ ಕೈಗೆ ಕೊಟ್ಟಳು.

"ನೀನೇನು ತಪ್ಪು ಮಾಡಿದ್ದೆ ಅಂತ ಬರೆದೆ?"

"ತಪ್ಪು ಮಾಡಿಲ್ಲಪ್ಪ. ಕೋಣೆ ಮುಚ್ಚಿದೆ ಅನ್ನೋ ದೂರು ನಂದೇ ಅಲ್ವಾ? ಸರಿ ಮಾಡ್ಬೇಕಾದವಳೂ ನಾನೇ. ಚಿಕ್ಕವರಾದ್ರೂ ಒಳಗೆ ಹೋಗ್ಲಿ."

"ನೀನು?"

"ನಾನು ಇನ್ನು ಹೋಗಲ್ಲ. ಸಾಕು ಬಿಡಪ್ಪ."

ಅಳಲಿಲ್ಲ, ಮುಖ ಸಪ್ಪಗೂ ಮಾಡಲಿಲ್ಲ. ನೀರು ಬಿಸಿಯಾಯಿತಾ ಎಂದು ತಾಯಿಯನ್ನು ಕೇಳುತ್ತಾ ಒಳಗೆ ಹೋದಳು. ನನ್ನ ಮೈಯಲ್ಲಿದ್ದ ಜಡ್ಡು ಅವಳ ದನಿಯಲ್ಲಿ ಕೇಳಿಸಿತು. ನನಗೆ ಹೆದರಿಕೆಯಾಯಿತು. ಈ ನಲವತ್ತೊಂದು ದಿನದಲ್ಲಿ ನನಗೆ ಏನಾದರೂ ಆಗಿದ್ದರೆ ಅದೊಂದೇ.

ಆದ್ದರಿಂದ ನನ್ನ ಬೇಡಿಕೆ. ಸೋಮವಾರ ಹತ್ತು ಗಂಟೆಗೆ ಆ ಬಾಗಿಲ ಮುಂದೆ ನಾನು ನಿಂತಿರುತ್ತೇನೆ. ಬೀಗದ ಕೈ ಕೊಟ್ಟು ಯಾರನ್ನಾದರೂ ಕಳುಹಿಸಿ. ಕ್ಷಮಾಪಣೆ ಪತ್ರ ನಿಮಗೆ ಬರುವುದಿಲ್ಲ. ಅಂಚೆಗೆ ಹಾಕಿದೆ ಎಂದು ಮಗಳಿಗೆ ಸುಳ್ಳು ಹೇಳಿದ್ದೇನೆ, ಪತ್ರ ಅಂಗಡಿಯ ಮೇಜಿನ ಖಾನೆಯಲ್ಲಿದೆ. ಅವಳು ಪತ್ರಿಕೆ ಓದುವವಳು, ಇವತ್ತು ಗೊತ್ತಾಗುತ್ತದೆ.

ಇನ್ನೊಂದು ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಅವತ್ತು ಅವಳು ನಿಮ್ಮ ಅಧಿಕಾರಿಯ ಕೂಗಿಗೆ ವೇದಿಕೆ ಇಳಿಯಲಿಲ್ಲ. ಕೊನೆಯ ಸಾಲಿನಲ್ಲಿದ್ದ ನನ್ನ ಕಡೆ ನೋಡಿದಳು, ಎಲ್ಲರೂ ನನ್ನತ್ತ ತಿರುಗಿದರು. ನಾನು ಅಂಗೈ ಕೆಳಗೆ ಮಾಡಿ 'ಕೂತ್ಕೋ' ಎಂದು ಸನ್ನೆ ಮಾಡಿದೆ. ಅವಳು ಮೈಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಇಳಿದು ಬಂದಳು.

ಇಂತಿ,
ಕ್ಷಮಾಪಣೆ ಪತ್ರ ಬರೆಯಬೇಕಾಗಿದ್ದವನು,
ಕಾರ್ಯದರ್ಶಿಯ ತಂದೆ